ಗ್ಲಿಸರಿನ್ ಕುಡಿದ ನೀರು

ಜಹೀದಾ ನಮ್ಮ ಕಾಲೇಜಿಗೆ ಅರೆಕಾಲಿಕ ಉಪನ್ಯಾಸಕಿಯಾಗಿ ಬಂದದ್ದು 2001ರಲ್ಲಿ. ಅವಳದು ಭೌತಶಾಸ್ತ್ರ, ನನ್ನದು ಕನ್ನಡ. ಕೊಪ್ಪದ ಆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೆಂಗಸರಿಗೆಂದು ಇದ್ದದ್ದು ಕಿಟಕಿ ಪಕ್ಕದ ಒಂದೇ ಮೇಜು. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅವಳು. ವಯಸ್ಸಿನಲ್ಲಿ ನಾನು ಎಂಟು ವರ್ಷ ದೊಡ್ಡವಳಾದ್ದರಿಂದ ಮೊದಲ ವಾರವೇ ಅವಳಿಗೆ ‘ಮಹಿಮಕ್ಕ’ ಆದೆ.

ಅವಳ ಊರು ನರಸಿಂಹರಾಜಪುರ. ತಂದೆ ರಜಾಕ್ ಸಾಹೇಬರಿಗೆ ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ರೇಡಿಯೋ ಹೋಗಿ ಟೇಪ್‌ರೆಕಾರ್ಡರ್ ಬಂತು, ಅದೂ ಹೋಗಿ ಟಿವಿ ಬಂತು, ಆಮೇಲೆ ಮೊಬೈಲೂ ಬಂತು. ಬೋರ್ಡಿನ ಮೇಲೆ ಮಾತ್ರ ರೇಡಿಯೋ ಎಂದೇ ಉಳಿದಿತ್ತು. ತಾಯಿ ತೀರಿಕೊಂಡಾಗ ಜಹೀದಾ ಹತ್ತನೇ ಕ್ಲಾಸು. ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು ಅಲ್ಲೇ ಓದಿಕೊಳ್ಳುವುದು, ಅಪ್ಪ ತೋರಿಸಿದ ಕಡೆ ಬೆಸುಗೆ ಹಾಕುವುದು. ಹಾಗೆ ಓದಿಯೇ ಎಂ.ಎಸ್ಸಿ. ಮುಗಿಸಿದವಳು.

ಹೆದರುಪುಕ್ಕಲಿ ಅಲ್ಲ, ಆದರೆ ಆತಂಕದ ಜೀವ. ಲ್ಯಾಬಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋದವಳು, ಗ್ಯಾಸಿನ ನಲ್ಲಿಯನ್ನು ತಿರುಗಿಸಿ ಮುಚ್ಚಿದ್ದೇನೋ ಇಲ್ಲವೋ ಎಂದು ವಾಪಸು ಬರುವಳು. ಉತ್ತರಪತ್ರಿಕೆಯ ಅಂಕಗಳನ್ನು ಮೂರು ಸಲ ಕೂಡುವಳು. “ಮೇಡಂ, ನೀವು ತಿರುಗಿಸಿದ್ದು ನಾನು ಕಣ್ಣಾರೆ ನೋಡಿದೀನಿ, ಹೋಗಿ, ಬಸ್ ತಪ್ಪುತ್ತೆ” ಎಂದು ಅಟೆಂಡರ್ ವಾಸಪ್ಪ ಎಷ್ಟು ಹೇಳಿದರೂ ತಾನೇ ಮುಟ್ಟಿ ನೋಡಿದ ಮೇಲೇ ಸಮಾಧಾನ. ಇಂಥವಳು ಒಂದು ವರ್ಷ ಪೂರ್ತಿ ಒಂದು ತಪ್ಪನ್ನು ಎದುರಿಗಿಟ್ಟುಕೊಂಡೂ ಕಾಣದೆ ಹೋದಳು. ಅದು ಕಂಡ ಮೇಲೆ ಅವಳು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಬರೆಯಹೊರಟಿರುವುದು.

2002ರಲ್ಲಿ ಅವಳು ಪಿಎಚ್‌ಡಿಗೆ ಹೆಸರು ನೋಂದಾಯಿಸಿದಳು. ಮಾರ್ಗದರ್ಶಕರು ಪ್ರೊಫೆಸರ್ ಉಮಾಮಹೇಶ್ವರ. ಯೂನಿವರ್ಸಿಟಿಯಲ್ಲಿ ಅವರ ಬಗ್ಗೆ ಒಳ್ಳೆಯ ಮಾತೇ ಇತ್ತು. ವಿಷಯ ಏನೆಂದು ನಾನು ಕೇಳಿದಾಗ ಅವಳು ಬ್ಯಾಗಿನಿಂದ ಒಂದು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಚಳಿಗೆ ತುಟಿ ಒಡೆದರೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಗ್ಲಿಸರಿನ್.

“ಎಂಥದು ಮಾರಾಯ್ತಿ, ಇದನ್ನ ಐದು ವರ್ಷ ಓದ್ತೀಯಾ?” ಎಂದೆ.

“ಐದು ವರ್ಷ ಸಾಲಲ್ಲ ಮಹಿಮಕ್ಕ. ಇದು ಹದಿನೆಂಟು ಡಿಗ್ರಿಗೇ ಹೆಪ್ಪುಗಟ್ಟಬೇಕು ಅಂತ ಪುಸ್ತಕದಲ್ಲಿದೆ. ಗಟ್ಟೋದೇ ಇಲ್ಲ. ಮೈನಸ್ ಇಪ್ಪತ್ತು, ಮೈನಸ್ ನಲವತ್ತು, ಇಳಿಸ್ತಾ ಹೋದ್ರೂ ದ್ರವವಾಗೇ ಇರುತ್ತೆ. ದಪ್ಪ ಆಗುತ್ತೆ, ಇನ್ನೂ ದಪ್ಪ ಆಗುತ್ತೆ, ಕೊನೆಗೆ ಮೈನಸ್ ಎಂಬತ್ತು ದಾಟಿದ ಮೇಲೆ ಗಾಜಿನ ಹಾಗೆ ನಿಂತುಬಿಡುತ್ತೆ. ಅಲ್ಲೀತನಕ ಒಳಗೆ ಅಣುಗಳು ಹೊರಳ್ತಾನೇ ಇರ್ತವೆ.”

“ಹೊರಳೋದು ಕಾಣ್ತದಾ?”

“ಕಾಣಲ್ಲ. ಅಳೀಬಹುದು.” ಅವಳು ತನ್ನೆರಡು ಅಂಗೈಗಳನ್ನು ಎದುರುಬದುರು ಹಿಡಿದಳು. “ಎರಡು ಲೋಹದ ಬಿಲ್ಲೆ, ಮಧ್ಯೆ ತೆಳ್ಳಗೆ ಗ್ಲಿಸರಿನ್. ಒಂದೊಂದು ಅಣುವಿಗೂ ಪಕ್ಕದ್ದನ್ನ ಹಿಡ್ಕೊಳ್ಳೋ ಜಾಗ ಮೂರು. ಹೈಡ್ರೋಜನ್ ಬಂಧ ಅಂತೀವಿ. ಹೊರಳ್ಬೇಕಾದ್ರೆ ಒಂದು ಕಡೆ ಬಿಡ್ಬೇಕು, ಇನ್ನೊಂದು ಕಡೆ ಹಿಡೀಬೇಕು. ಚಳಿ ಹೆಚ್ಚಾದ ಹಾಗೆ ಬಿಡೋದು ಕಷ್ಟ. ನಾನು ಬಿಲ್ಲೆಗಳಿಗೆ ಕೊಡೋ ವಿದ್ಯುತ್ತಿನ ದಿಕ್ಕನ್ನ ಆಚೆ ಈಚೆ ಬದಲಾಯಿಸ್ತಾ ಹೋಗ್ತೀನಿ. ಅಣುಗಳು ಅದರ ಜೊತೆ ಹೊರಳೋಕೆ ನೋಡ್ತವೆ. ಸೆಕೆಂಡಿಗೆ ಎಷ್ಟು ಸಲದವರೆಗೆ ಆಗುತ್ತೆ, ಎಲ್ಲಿ ಸೋಲ್ತವೆ, ಅಷ್ಟೇ ಲೆಕ್ಕ. ಮೈನಸ್ ಅರವತ್ತರಲ್ಲಿ ಸೆಕೆಂಡಿಗೆ ಸುಮಾರು ನಾನೂರು ಸಲ. ಮೈನಸ್ ಎಂಬತ್ತರ ಹೊತ್ತಿಗೆ ಒಂದು ಸಲ ಹೊರಳೋದಕ್ಕೇ ಎಷ್ಟೋ ಸೆಕೆಂಡು ಬೇಕು.”

ನನಗೆ ಅರ್ಥವಾದದ್ದು ಅರ್ಧ. ಆದರೆ ಹೇಳುವಾಗ ಅವಳ ಮುಖದಲ್ಲಿ ಎಂದಿನ ಆತಂಕ ಇರಲಿಲ್ಲ ಎಂಬುದನ್ನು ಮಾತ್ರ ಗಮನಿಸಿದ್ದೆ.

ಅಷ್ಟು ಚಳಿ ಮಾಡುವುದಕ್ಕೆ ದ್ರವ ಸಾರಜನಕ ಬೇಕು. ಕೊಪ್ಪದಂಥ ಊರಿನಲ್ಲಿ ಅದು ಸಿಗುವುದು ಒಂದೇ ಕಡೆ, ಪಶು ಆಸ್ಪತ್ರೆಯಲ್ಲಿ. ಹಸುಗಳಿಗೆ ಕೊಡುವ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಮುಳುಗಿಸಿಟ್ಟಿರುತ್ತಾರೆ. ಹದಿನೈದು ದಿನಕ್ಕೊಮ್ಮೆ ಶಿವಮೊಗ್ಗದಿಂದ ಗಾಡಿ ಬಂದು ತುಂಬಿಸಿ ಹೋಗುತ್ತಿತ್ತು. ಜಹೀದಾ ಪ್ರಿನ್ಸಿಪಾಲರಿಂದ ಪತ್ರ ಬರೆಸಿ, ಅದೇ ಗಾಡಿಯಿಂದ ಕಾಲೇಜಿನ ಕ್ಯಾನಿಗೂ ತುಂಬಿಸಿಕೊಳ್ಳುವ ಏರ್ಪಾಡು ಮಾಡಿಕೊಂಡಳು. ಅಳೆಯುವ ಯಂತ್ರ ಯೂನಿವರ್ಸಿಟಿಯದು, ಎರವಲು. ಬಿಲ್ಲೆಗಳನ್ನು ಕೂರಿಸಿ ತಂತಿ ಬೆಸೆದುಕೊಟ್ಟವರು ರಜಾಕ್ ಸಾಹೇಬರು.

2006ರ ಫೆಬ್ರವರಿಯಲ್ಲಿ ಅವಳು ಬರೀ ಗ್ಲಿಸರಿನ್ನನ್ನು ಅಳೆದಳು. ಪುಸ್ತಕದಲ್ಲಿದ್ದ ಅಂಕಿಗೂ ಅವಳ ಅಂಕಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಮೇಲೆ ಅದಕ್ಕೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಅಳೆಯಬೇಕಿತ್ತು. ಯಂತ್ರ ಮತ್ತೆ ಸಿಕ್ಕಿದ್ದು ಜುಲೈಯಲ್ಲಿ, ಆಮೇಲೆ ಅದು ನಮ್ಮ ಲ್ಯಾಬಿನಲ್ಲೇ ಉಳಿಯಿತು. ಸಾರ್ಬಿಟಾಲಿನ ಅಣು ದೊಡ್ಡದು, ಹಿಡಿದುಕೊಳ್ಳುವ ಜಾಗವೂ ಹೆಚ್ಚು. ಬೆರೆಸಿದರೆ ಹೊರಳಾಟ ನಿಧಾನವಾಗಬೇಕು. ಅವಳಿಗೆ ಬಂದದ್ದು ತಿರುಗುಮುರುಗು. ಮೈನಸ್ ಅರವತ್ತರಲ್ಲಿ ಮುನ್ನೂರರ ಹತ್ತಿರ ಇರಬೇಕಾದಲ್ಲಿ ಒಂಬೈನೂರು. ಮೂರು ಸಲ ಅಳೆದಳು, ಮೂರು ಸಲವೂ ಒಂಬೈನೂರು.

ಉಮಾಮಹೇಶ್ವರರಿಗೆ ಬಹಳ ಖುಷಿಯಾಯಿತು. ಇದು ಹೊಸ ಸಂಗತಿ, ಯಾರೂ ಹೇಳಿಲ್ಲ ಎಂದರು. ಇಬ್ಬರ ಹೆಸರಿನಲ್ಲಿ ಲೇಖನ ಬರೆದು ವಿದೇಶದ ಪತ್ರಿಕೆಯೊಂದಕ್ಕೆ ಕಳಿಸಿದರು. 2007ರ ಜೂನಿನಲ್ಲಿ ಒಪ್ಪಿಗೆ ಬಂತು. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಅದರ ಮೇಲೇ ನಿಂತಿತ್ತು. ಆಗಸ್ಟ್ ಮೂವತ್ತೊಂದಕ್ಕೆ ಅವಳ ಐದು ವರ್ಷ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸಬೇಕು. ಸೆಪ್ಟೆಂಬರಿನಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರದ ಕಾಯಂ ಹುದ್ದೆಗೆ ಸಂದರ್ಶನ. ಪ್ರಬಂಧ ಒಪ್ಪಿಸಿದವರಿಗೆ ಮೊದಲ ಆದ್ಯತೆ ಎಂದು ಆಡಳಿತ ಮಂಡಳಿ ಹೇಳಿತ್ತು. ಆರು ವರ್ಷ ಅರೆಕಾಲಿಕವಾಗಿ ದುಡಿದವಳು ಅವಳು. ಎಲ್ಲವೂ ಒಂದಕ್ಕೊಂದು ಜೋಡಿಸಿಟ್ಟ ಹಾಗೆ ಬರುತ್ತಿತ್ತು.

ಜುಲೈ ಮೂರನೇ ವಾರ, ಒಂದು ಸೋಮವಾರ, ಪತ್ರಿಕೆಯಿಂದ ಅಚ್ಚಿನ ಕರಡು ಬಂತು. ಜಹೀದಾ ಕೊಪ್ಪದ ಸೈಬರ್ ಸೆಂಟರಿನಲ್ಲಿ ಕೂತು ಅದನ್ನು ಅಕ್ಷರ ಅಕ್ಷರ ಓದಿ, ತಿದ್ದುಪಡಿ ಏನೂ ಇಲ್ಲ ಎಂದು ಉತ್ತರ ಕಳಿಸಿ ಬಂದಳು. ಅಂದು ಸ್ಟಾಫ್ ರೂಮಿಗೆಲ್ಲ ಬೇಕರಿಯಿಂದ ದಿಲ್‌ಪಸಂದ್ ತರಿಸಿದ್ದಳು.

ಮೂರು ದಿನ ಬಿಟ್ಟು, ಗುರುವಾರ, ಪ್ರಬಂಧದ ಒಂದು ಕೋಷ್ಟಕಕ್ಕೆ ಗ್ಲಿಸರಿನ್ನಿನ ಸಾಂದ್ರತೆ ಬೇಕಾಗಿತ್ತು. ಸಣ್ಣ ಕೆಲಸ. ಗಾಜಿನ ತಟ್ಟೆಯೊಂದಕ್ಕೆ ಸ್ವಲ್ಪ ಗ್ಲಿಸರಿನ್ ಸುರಿದು ಡಿಜಿಟಲ್ ತಕ್ಕಡಿಯ ಮೇಲಿಟ್ಟಳು. ಹೊರಗೆ ಪುನರ್ವಸು ಮಳೆ ಹೊಡೆಯುತ್ತಿತ್ತು. ತಕ್ಕಡಿಯ ಕೊನೆಯ ಅಂಕಿ ನಿಲ್ಲಲಿಲ್ಲ. ನಾಲ್ಕು, ಐದು, ಏಳು, ಒಂಬತ್ತು, ಆಮೇಲೆ ಅದರ ಹಿಂದಿನ ಅಂಕಿಯೇ ಬದಲಾಯಿತು. ತಕ್ಕಡಿ ಕೆಟ್ಟಿತೆಂದುಕೊಂಡು ತಟ್ಟೆ ತೆಗೆದು ಒಂದು ರೂಪಾಯಿ ನಾಣ್ಯ ಇಟ್ಟಳು. ಅಂಕಿ ಅಲುಗಾಡದೆ ನಿಂತಿತು. ಮತ್ತೆ ಗ್ಲಿಸರಿನ್ ಇಟ್ಟಳು. ಮತ್ತೆ ಏರತೊಡಗಿತು.

ಗಾಳಿಯಲ್ಲಿದ್ದ ನೀರನ್ನು ಗ್ಲಿಸರಿನ್ ಕುಡಿಯುತ್ತಿತ್ತು.

ಆ ಹೊತ್ತಿಗೆ ನಾನು ಕ್ಲಾಸು ಮುಗಿಸಿ ಲ್ಯಾಬಿನ ಮುಂದೆ ಹಾಯುತ್ತಿದ್ದೆ. ಜಹೀದಾ ತಕ್ಕಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಪೆನ್ನಿತ್ತು, ಬರೆಯುತ್ತಿರಲಿಲ್ಲ.

“ಮಹಿಮಕ್ಕ, ಹೋದ್ವರ್ಷ ಸಾರ್ಬಿಟಾಲ್ ಕರಗ್ಸೋದಕ್ಕೆ ನಾನು ಎಷ್ಟು ಹೊತ್ತು ಕಲಕ್ತಿದ್ದೆ?”

“ನನಗೆಂಥ ಗೊತ್ತು? ಊಟ ಬಿಟ್ಟು ಕಲಕ್ತಿದ್ದೆ ಅಂತ ನೆನಪು.”

“ಮೂರು ಗಂಟೆ. ಬಾಯಿ ತೆರೆದ ಬೀಕರಿನಲ್ಲಿ. ಇದೇ ಜುಲೈಯಲ್ಲಿ.” ಅವಳು ಗೋಡೆ ಬದಿಯ ಕಪಾಟು ತೋರಿಸಿದಳು. ಸ್ಯಾಂಪಲ್ ಇಡುವ ಗಾಜಿನ ಜಾಡಿಯ ತಳದಲ್ಲಿ ತೇವ ಹೀರುವ ಹರಳುಗಳಿರುತ್ತವೆ. ಒಣಗಿದ್ದಾಗ ನೀಲಿ, ತೇವ ಹೀರಿ ಸಾಕಾದರೆ ಗುಲಾಬಿ. “ನೋಡಿ, ಎಷ್ಟು ಚಂದ ಗುಲಾಬಿ ಆಗಿದೆ. ಹೋದ್ವರ್ಷವೂ ಗುಲಾಬಿನೇ ಇತ್ತು. ದಿನಾ ನೋಡ್ತಿದ್ದೆ.”

ನೀರಿನ ಅಣು ಸಣ್ಣದು. ಗ್ಲಿಸರಿನ್ ಅಣುಗಳ ನಡುವೆ ಸೇರಿಕೊಂಡರೆ ಅವುಗಳ ಪರಸ್ಪರ ಹಿಡಿತ ಸಡಿಲವಾಗಿ, ಹೊರಳಾಟ ಚುರುಕಾಗುತ್ತದೆ. ನೂರಕ್ಕೆ ಮೂರು ನಾಲ್ಕು ಪಾಲು ನೀರು ಸಾಕು, ಮುನ್ನೂರು ಒಂಬೈನೂರಾಗಲು. ಬರೀ ಗ್ಲಿಸರಿನ್ ಅಳೆದದ್ದು ಒಣ ಫೆಬ್ರವರಿಯಲ್ಲಿ, ಮಿಶ್ರಣ ಅಳೆದದ್ದು ಮಳೆಗಾಲದಲ್ಲಿ. ಮೂರು ಸಲ ಅಳೆದದ್ದೂ ಅದೇ ನೀರು ಕುಡಿದ ಸ್ಯಾಂಪಲನ್ನು. ಹಾಗಾದರೆ ಹೊಸ ಸಂಗತಿ ಎಂದು ಜಗತ್ತಿಗೆ ಹೇಳಹೊರಟಿದ್ದು ಏನು? ಕೊಪ್ಪದಲ್ಲಿ ಮಳೆ ಬರುತ್ತದೆ ಎಂದು.

“ಇದು ಬರೀ ಅನುಮಾನ ತಾನೇ?” ಎಂದೆ ನಾನು.

“ಅನುಮಾನ” ಎಂದಳು. ಎದ್ದು ಕ್ಯಾನಿನ ಮುಚ್ಚಳ ತೆಗೆದು ನೋಡಿದಳು.

ಕ್ಯಾನಿನ ತಳದಲ್ಲಿ ಎರಡು ಲೀಟರಿನಷ್ಟು ಸಾರಜನಕ ಉಳಿದಿತ್ತು. ಗಾಡಿ ಬರುವುದು ಮುಂದಿನ ಗುರುವಾರ. ಇದ್ದಷ್ಟರಲ್ಲಿ ಒಂದೇ ಒಂದು ಉಷ್ಣತೆಯಲ್ಲಿ ಅಳೆಯಬಹುದು. ಶುಕ್ರವಾರ ಬೆಳಿಗ್ಗೆ, ಸಾರ್ಬಿಟಾಲ್ ಬೆರೆಸದ ಬರೀ ಗ್ಲಿಸರಿನ್ನನ್ನು ಮೂರು ಗಂಟೆ ಬೀಕರಿನಲ್ಲಿ ಕಲಕಿದಳು, ಕಳೆದ ವರ್ಷ ಕಲಕಿದ ಹಾಗೇ. ಮಧ್ಯಾಹ್ನ ಮೈನಸ್ ಅರವತ್ತಕ್ಕೆ ಇಳಿಸಿ ಅಳೆದಳು. ಫೆಬ್ರವರಿಯಲ್ಲಿ ನಾನೂರು ಬಂದಿದ್ದ ಅದೇ ಗ್ಲಿಸರಿನ್ನಿಗೆ ಈಗ ಸಾವಿರದ ನೂರು.

ಸ್ಟಾಫ್ ರೂಮಿಗೆ ಬಂದು ಆ ಅಂಕಿಯನ್ನು ನನಗೆ ತೋರಿಸಿದಳು.

ಕಾಲೇಜಿನ ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು ಉಮಾಮಹೇಶ್ವರರಿಗೆ ಫೋನ್ ಮಾಡಿದಳು. ಐದು ನಿಮಿಷವೂ ಆಗಲಿಲ್ಲ, ವಾಪಸು ಬಂದಳು. ಅವರು ಮೊಮ್ಮಗನ ಅಕ್ಷರಾಭ್ಯಾಸಕ್ಕೆಂದು ಭಾನುವಾರ ಶೃಂಗೇರಿಗೆ ಬರುವವರಿದ್ದರು. ಪ್ರಯಾಣದ ತಯಾರಿಯಲ್ಲಿ ಮನೆ ತುಂಬ ಜನ. ‘ಒಂದು ಸಲದ ಅಳತೆ ನೋಡಿ ಗಾಬರಿ ಬೀಳ್ಬೇಡಮ್ಮ, ಮಂಗಳವಾರ ಮಾತಾಡುವ’ ಎಂದು ಫೋನ್ ಇಟ್ಟರಂತೆ.

“ಮಂಗಳವಾರದೊಳಗೆ ಅಚ್ಚಿಗೆ ಹೋದ್ರೆ?” ಎಂದು ಅವಳು ಕೇಳಿದಳು.

ಶನಿವಾರ ಅವಳು ಊಟದ ಡಬ್ಬಿ ತೆರೆಯಲಿಲ್ಲ. ಮನೆಯಲ್ಲೂ ಇದೇ ಕಥೆ ಎಂದು ಆಮೇಲೆ ರಜಾಕ್ ಸಾಹೇಬರು ಹೇಳಿದರು: ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಆಗಸ್ಟ್ ಮೂವತ್ತೊಂದಕ್ಕೆ ಎಷ್ಟು ದಿನ ಎಂದು ಎಣಿಸುವುದು, ಮತ್ತೆ ಎಣಿಸುವುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅವಳ ತಲೆಯಲ್ಲಿ ಬಂದಿತ್ತು. ಅದನ್ನು ಅವಳು ನನ್ನಿಂದ ಮುಚ್ಚಿಡಲಿಲ್ಲ. “ಯಾರು ಬಂದು ಅಳೀತಾರೆ ಮಹಿಮಕ್ಕ? ಹತ್ತು ವರ್ಷ ಆದ್ಮೇಲೆ ಯಾರೋ ಒಬ್ರು ಅಳೆದು, ಇದು ತಪ್ಪು ಅಂತ ಬರೀಬಹುದು. ಅಷ್ಟ್ರಲ್ಲಿ ನನ್ನ ಕೆಲಸ ಕಾಯಂ ಆಗಿರುತ್ತೆ” ಎಂದಳು. ಹೇಳಿ, ತಾನೇ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ನನ್ನ ತವರು ಬೇಗಾರು. ವಾರದ ಕೊನೆಗೆ ಹೇಗೂ ನಾನು ಶೃಂಗೇರಿ ಮೇಲೆ ಹೋಗಬೇಕು. “ಬಾ, ನಾನೂ ಇರ್ತೇನೆ. ಅವರನ್ನ ಅಲ್ಲೇ ಕಾಣುವ” ಎಂದೆ. ಭಾನುವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಇಬ್ಬರೂ ಹೊರಟೆವು. ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಅಳತೆ ಪುಸ್ತಕ. ದಾರಿಯುದ್ದಕ್ಕೂ ಅದನ್ನು ಬಿಚ್ಚುವುದು, ಮುಚ್ಚುವುದು.

ಉಮಾಮಹೇಶ್ವರರು ಇಳಿದುಕೊಂಡಿದ್ದ ವಸತಿಗೃಹದ ಜಗಲಿಯಲ್ಲಿ ಕಾದೆವು. ಯಾತ್ರಿಕರ ಒದ್ದೆ ಕೊಡೆಗಳ ಸಾಲು, ಚಪ್ಪಲಿಗಳ ರಾಶಿ. ಹನ್ನೊಂದೂವರೆಗೆ ಅವರು ದೇವಸ್ಥಾನದಿಂದ ಬಂದರು. ಪಂಚೆ ಶಲ್ಯದಲ್ಲಿ ಅವರನ್ನು ನೋಡಿ ಜಹೀದಾಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಅವರಿಗೂ ಅಷ್ಟೇ ಆಶ್ಚರ್ಯ.

“ಇಲ್ಲಿ ತನಕ ಬಂದ್ಯಾ!” ಎಂದರು. ಅವರ ಹೆಂಡತಿ ತ್ರಿಪುರಸುಂದರಿ ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿ, ಮೊಮ್ಮಗನನ್ನು ಒಳಗೆ ಕರೆದುಕೊಂಡು ಹೋದರು.

ಜಹೀದಾ ಪುಸ್ತಕ ಬಿಚ್ಚಿ ತಕ್ಕಡಿಯ ಅಂಕಿಗಳನ್ನೂ ಶುಕ್ರವಾರದ ಅಳತೆಯನ್ನೂ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದರಿಂದ ಗೊತ್ತಾಗೋದು ಗ್ಲಿಸರಿನ್ ನೀರು ಹೀರುತ್ತೆ ಅಂತ. ಅದು ಎಲ್ಲರಿಗೂ ಗೊತ್ತಿರೋದೇ. ನಿನ್ನ ಹೋದ ವರ್ಷದ ಸ್ಯಾಂಪಲಿನಲ್ಲಿ ನೀರಿತ್ತು ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ.”

“ಇರ್ಲಿಲ್ಲ ಅನ್ನೋದಕ್ಕೂ ನನ್ನ ಹತ್ರ ಸಾಕ್ಷಿ ಇಲ್ಲ ಸಾರ್.”

ಅವರು ಕನ್ನಡಕ ತೆಗೆದರು. “ನೋಡು, ಹಿಂದಕ್ಕೆ ತಗೊಂಡ ಲೇಖನ ಅಂದ್ರೆ ಏನು ಗೊತ್ತಾ? ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಒಂದೂ ಇಲ್ಲ. ನಿನ್ನ ಪ್ರಬಂಧ ಇನ್ನು ಆರು ವಾರದಲ್ಲಿ ಕೊಡ್ಬೇಕು. ಮೂರನೇ ಅಧ್ಯಾಯ ತೆಗೆದ್ರೆ ಉಳಿಯೋದೇನು? ಮೊದಲು ಒಣಗಿಸಿದ ಮಿಶ್ರಣ ಅಳೆದು ತೋರ್ಸು. ಆಮೇಲೆ ಯೋಚನೆ ಮಾಡುವ. ಅಲ್ಲಿ ತನಕ ಯಾರಿಗೂ ಏನೂ ಬರೀಬೇಡ.”

“ಸಾರಜನಕ ಬರೋದು ಗುರುವಾರ ಸಾರ್. ಅಷ್ಟ್ರಲ್ಲಿ ಅಚ್ಚಾದ್ರೆ? ಸ್ವಲ್ಪ ತಡೆಹಿಡೀರಿ ಅಂತ ಒಂದು ಮೇಲ್...”

“ಬೇಡ ಅಂದ್ನಲ್ಲ.” ಧ್ವನಿ ಏರಿತ್ತು. ಪಕ್ಕದ ಕೋಣೆಯವರು ಇಣುಕಿ ನೋಡಿದರು. ಉಮಾಮಹೇಶ್ವರರಿಗೇ ನಾಚಿಕೆಯಾಗಿರಬೇಕು, ಧ್ವನಿ ತಗ್ಗಿಸಿದರು. “ಊಟ ಮಾಡ್ಕೊಂಡು ಹೋಗಿ. ಇಷ್ಟು ದೂರ ಬಂದಿದೀರಿ.”

ಊಟ ಮಾಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು. ಅರ್ಧ ದಾರಿಯಲ್ಲಿ ಒಂದು ಕಟ್ಟಡದ ಮಹಡಿಯ ಮೇಲೆ ಇಂಟರ್ನೆಟ್ ಎಂಬ ಬೋರ್ಡು. ಜಹೀದಾ ಅದರ ಮುಂದೆ ನಿಂತಳು. ಮೆಟ್ಟಿಲು ಹತ್ತಿದಳು, ಇಳಿದಳು.

“ಅವರಿಗೆ ಹೇಳದೆ ಮಾಡಿದ್ರೆ ನನ್ನ ಪಿಎಚ್‌ಡಿ ಅಲ್ಲಿಗೆ ಮುಗೀತು” ಎಂದಳು.

“ಹಾಗಾದ್ರೆ ಬೇಡ. ಗುರುವಾರದ ತನಕ ತಡಿ” ಎಂದೆ. ನಾನು ಹೇಳಿದ್ದು ಅಷ್ಟೇ. ಧೈರ್ಯ ತುಂಬಿದೆ ಎಂದು ಈಗ ಬರೆದುಕೊಂಡರೆ ಸುಳ್ಳಾಗುತ್ತದೆ.

ಅವಳು ಮತ್ತೆ ಹತ್ತಿದಳು. ಕಂಪ್ಯೂಟರ್ ಶುರುವಾಗಲು ಹತ್ತು ನಿಮಿಷ, ಮೇಲ್ ತೆರೆಯಲು ಇನ್ನು ಹತ್ತು. ನಾಲ್ಕೇ ಸಾಲು ಬರೆದಳು: ಸ್ಯಾಂಪಲಿನಲ್ಲಿ ತೇವ ಸೇರಿರುವ ಅನುಮಾನ ನನಗಿದೆ, ಮರುಪರೀಕ್ಷೆ ನಡೆಸುತ್ತಿದ್ದೇನೆ, ದಯವಿಟ್ಟು ಎರಡು ವಾರ ಅಚ್ಚು ತಡೆಹಿಡಿಯಿರಿ, ಈ ಪತ್ರ ನನ್ನೊಬ್ಬಳ ಜವಾಬ್ದಾರಿ. ಕಳಿಸುವ ಗುಂಡಿ ಒತ್ತುವ ಮೊದಲು ಪ್ರತಿಯನ್ನು ಉಮಾಮಹೇಶ್ವರರಿಗೂ ಹೋಗುವಂತೆ ಹಾಕಿದಳು. ಒತ್ತಿದ ಕೂಡಲೇ ಕರೆಂಟು ಹೋಯಿತು. ಮೇಲ್ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಮುಕ್ಕಾಲು ಗಂಟೆ ಕತ್ತಲೆ ಕೋಣೆಯಲ್ಲಿ ಕಾದೆವು. ಕರೆಂಟು ಬಂದ ಮೇಲೆ ನೋಡಿದರೆ ಹೋಗಿತ್ತು.

ಸಂಜೆ ಅವಳೇ ಫೋನ್ ಮಾಡಿ ಅವರಿಗೆ ಹೇಳಿದಳು. ಅವರು ಫೋನ್ ಇಟ್ಟುಬಿಟ್ಟರು.

ಸೋಮವಾರ, ಮಂಗಳವಾರ, ಬುಧವಾರ. ಪತ್ರಿಕೆಯಿಂದ ಉತ್ತರವಿಲ್ಲ, ಪ್ರೊಫೆಸರರಿಂದಲೂ ಇಲ್ಲ. ದಿನಕ್ಕೆ ಎರಡು ಸಲ ಸೈಬರ್ ಸೆಂಟರಿಗೆ ಹೋಗಿ ಬರುತ್ತಿದ್ದಳು. ಕ್ಲಾಸಿನಲ್ಲಿ ಒಂದು ಸಮೀಕರಣವನ್ನು ಅರ್ಧ ಬರೆದು ಮುಂದೇನೆಂದು ಮರೆತು ನಿಂತಳಂತೆ. ಹುಡುಗಿಯರು ಬಂದು, “ಮೇಡಂಗೆ ಹುಷಾರಿಲ್ವಾ?” ಎಂದು ನನ್ನನ್ನು ಕೇಳಿದರು.

ಆ ದಿನಗಳಲ್ಲಿ ಅವಳನ್ನು ಕುಸಿಯದಂತೆ ಹಿಡಿದದ್ದು ಕೈಕೆಲಸ. ಒಣಗಿಸಿದ ಮಿಶ್ರಣವನ್ನು ಬಿಲ್ಲೆಗಳ ನಡುವೆ ಸುರಿಯುವಾಗ ಗಾಳಿ ತಾಕಬಾರದು. ರಜಾಕ್ ಸಾಹೇಬರು ಯಾರದೋ ಮನೆಯ ಹಳೆಯ ಮೀನಿನ ತೊಟ್ಟಿ ತಂದರು. ಅದನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಆ ಹಾಳೆಗೆ ತೂತು ಮಾಡಿ ಎರಡು ಉದ್ದ ಪ್ಲಾಸ್ಟಿಕ್ ತೋಳು ಅಂಟಿಸಿದರು. ತೋಳಿನೊಳಗೆ ಕೈ ಹಾಕಿದರೆ ಗಾಳಿ ತಾಗಿಸದೆ ಒಳಗೆ ಕೆಲಸ ಮಾಡಬಹುದು. ಹೊಸ ಟಿವಿಗಳ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಅಂಗಡಿ ಅಂಗಡಿಯಿಂದ ಕೇಳಿ ತಂದರು. ಲ್ಯಾಬಿನ ಗುಲಾಬಿ ಹರಳುಗಳನ್ನು ಜಹೀದಾ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿದಳು. ಮಿಶ್ರಣವನ್ನು ಬಿಸಿ ಮಾಡಿ, ಕಾಲೇಜಿನ ಹಳೆಯ ಪಂಪಿನಿಂದ ಗಾಳಿ ಹೀರಿಸುತ್ತ ಎರಡು ದಿನ ಒಣಗಿಸಿದಳು.

ಮನೆಯಲ್ಲಿ ಅವರದು ಉರ್ದು. ಆದರೆ ನನ್ನೆದುರಿಗೆ ರಜಾಕ್ ಸಾಹೇಬರು ಕನ್ನಡದಲ್ಲೇ ಮಗಳಿಗೆ ಹೇಳಿದರು: “ಮಗಾ, ರಿಪೇರಿಗೆ ಬಂದ ಸೆಟ್ಟು ಸರಿ ಆಗಿಲ್ಲ ಅಂತ ಗೊತ್ತಿದ್ದೂ ಗಿರಾಕಿ ಕೈಗೆ ಕೊಟ್ಟಿದ್ದೆ ಒಂದು ಸಲ. ಅವನು ಮತ್ತೆ ಬರಲೇ ಇಲ್ಲ. ಶೆಟ್ಟಿಕೊಪ್ಪದವನು. ಆ ಕಡೆ ಬಸ್ಸಿನಲ್ಲಿ ಹೋದ್ರೆ ಈಗ್ಲೂ ಮುಖ ಮರೆಸಿ ಕೂರ್ತೀನಿ.” ಜಹೀದಾ ಅಂದು ಮೊದಲ ಸಲ ನಕ್ಕಳು.

ಗುರುವಾರ ಗಾಡಿ ಬರಲಿಲ್ಲ. ದಾರಿಯಲ್ಲಿ ಮರ ಬಿದ್ದಿದೆ ಎಂದು ಪಶು ಆಸ್ಪತ್ರೆಯವರು ಹೇಳಿದರು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಒಂದು ಗಂಟೆಗೆ ವಾಸಪ್ಪ ಮತ್ತು ಅವಳು ಕ್ಯಾನನ್ನು ಲ್ಯಾಬಿಗೆ ತಂದರು. ಒಂದೂವರೆಗೆ ಶುರು. ಕರೆಂಟಿನ ಭರವಸೆಯಿಲ್ಲದ್ದರಿಂದ ರಜಾಕ್ ಸಾಹೇಬರು ಅಂಗಡಿಯ ಇನ್ವರ್ಟರನ್ನೂ ಬ್ಯಾಟರಿಯನ್ನೂ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೈನಸ್ ಇಪ್ಪತ್ತು. ಮೈನಸ್ ಮೂವತ್ತೈದು. ಮೈನಸ್ ಐವತ್ತಕ್ಕೆ ಬರುವಾಗ ಕರೆಂಟು ಹೋಯಿತು. ಯಂತ್ರ ಇನ್ವರ್ಟರಿನ ಮೇಲೆ ನಡೆಯಿತು, ಆದರೆ ಅದರ ಪರದೆ ಒಮ್ಮೆ ಮಿಣುಕಿ ಮತ್ತೆ ಬೆಳಗಿತು. ಮೈನಸ್ ಅರವತ್ತರಲ್ಲಿ ಉಷ್ಣತೆ ನಿಲ್ಲಲು ಇಪ್ಪತ್ತು ನಿಮಿಷ ಕಾದಳು. ಆಮೇಲೆ ಅಂಕಿಯಿಂದ ಅಂಕಿಗೆ ಗುಂಡಿ ಒತ್ತುತ್ತ, ಬರೆಯುತ್ತ ಹೋದಳು. ಕೊನೆಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳನ್ನಿಟ್ಟಳು. ಗುಡ್ಡದ ಹಾಗೆ ಏರಿ ಇಳಿದ ಆ ಚುಕ್ಕಿಗಳ ನೆತ್ತಿ ಇನ್ನೂರ ತೊಂಬತ್ತರ ಮೇಲೆ ಕೂತಿತ್ತು.

“ಎಂಥ ಬಂತು?” ಎಂದೆ.

“ಎಷ್ಟು ಬರ್ಬೇಕಿತ್ತೋ ಅಷ್ಟೇ” ಎಂದಳು. ಹೊಸ ಸಂಗತಿ ಏನೂ ಇರಲಿಲ್ಲ. ಸಾರ್ಬಿಟಾಲ್ ಎಲ್ಲರೂ ಹೇಳಿದಂತೆ ಅಣುಗಳನ್ನು ನಿಧಾನಗೊಳಿಸುತ್ತಿತ್ತು. ಅವಳು ಪುಸ್ತಕದ ಮೇಲೆ ಹಣೆಯಿಟ್ಟು ಅತ್ತಳು. ರಜಾಕ್ ಸಾಹೇಬರು ಬ್ಯಾಟರಿಯ ತಂತಿ ಬಿಚ್ಚತೊಡಗಿದರು.

ಗೇಟಿನ ಬಳಿ ಹೋಗಿ ಅವಳು ಪ್ರೊಫೆಸರರಿಗೆ ಫೋನ್ ಮಾಡಿದಾಗ ಕೊಡೆ ಹಿಡಿದವಳು ನಾನು. ಅವರು ಫೋನ್ ಎತ್ತುತ್ತಾರೆಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ.

“ಎಷ್ಟು?” ಎಂದರು ಅವರು, ಬೇರೆ ಮಾತಿಲ್ಲದೆ. ನನಗೂ ಕೇಳಿಸಿತು.

“ಇನ್ನೂರ ತೊಂಬತ್ತು ಸಾರ್.”

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿತು.

“ಪತ್ರಿಕೆಯವರು ನನಗೆ ಬರೆದಿದ್ದಾರೆ” ಎಂದರು ಆಮೇಲೆ. “ತಡೆದಿಟ್ಟಿದ್ದಾರಂತೆ. ನಾನೇ ಉತ್ತರ ಕೊಟ್ಟಿರ್ಲಿಲ್ಲ. ಹಿಂದಕ್ಕೆ ತಗೊಳ್ಳುವ. ಇಬ್ಬರ ಸಹಿಯೂ ಇರಲಿ.”

ಲೇಖನ ಹಿಂದಕ್ಕೆ ಬಂತು. ಆಗಸ್ಟ್ ಮೂವತ್ತೊಂದು ದಾಟಿತು, ಪ್ರಬಂಧ ಒಪ್ಪಿಸಲಾಗಲಿಲ್ಲ. ಸೆಪ್ಟೆಂಬರಿನ ಸಂದರ್ಶನಕ್ಕೆ ಜಹೀದಾ ಹೋದಳು. ಹುದ್ದೆ ಸಿಕ್ಕಿದ್ದು ಶೃಂಗೇರಿಯ ಶ್ರೀನಿಧಿ ಎಂಬುವನಿಗೆ. ಒಳ್ಳೆಯ ಹುಡುಗ, ಪ್ರಬಂಧ ಒಪ್ಪಿಸಿಯಾಗಿತ್ತು, ಯಾರನ್ನೂ ದೂರುವಂತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ ದಿನ ಅವಳೇ ಅವನಿಗೆ ಲ್ಯಾ​ಬಿನ ಬೀಗದ ಕೈಗಳನ್ನು ಒಂದೊಂದಾಗಿ ತೋರಿಸಿಕೊಟ್ಟಳು. ಅರೆಕಾಲಿಕದವಳು ಅರೆಕಾಲಿಕದವಳಾಗಿಯೇ ಉಳಿದಳು.

ಯೂನಿವರ್ಸಿಟಿ ಎರಡು ವರ್ಷ ಅವಧಿ ವಿಸ್ತರಿಸಿತು. ಉಮಾಮಹೇಶ್ವರರು ಮೊದಲಿನಂತೆ ಮಾತಾಡಲು ಆರೇಳು ತಿಂಗಳು ಬೇಕಾಯಿತು. ಮೂರನೇ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದಳು. ಈಗ ಅದರ ವಿಷಯ ನೀರು: ಗ್ಲಿಸರಿನ್ನಿಗೆ ಅಳೆದು ಅಳೆದು ನೀರು ಬೆರೆಸಿದರೆ, ನೂರಕ್ಕೆ ಒಂದು ಪಾಲಿಗೆ ಹೊರಳಾಟ ಎಷ್ಟು ಚುರುಕಾಗುತ್ತದೆ, ಎರಡಕ್ಕೆ ಎಷ್ಟು, ಐದಕ್ಕೆ ಎಷ್ಟು. ಕೊನೆಯಲ್ಲಿ ಎರಡು ಪುಟ, ತನ್ನ ತಪ್ಪು ಹೇಗಾಯಿತು ಎಂಬುದರ ವಿವರ. ಆ ಎರಡು ಪುಟ ಬೇಡವೆಂದು ಪ್ರೊಫೆಸರರು ಹೇಳಿದರಂತೆ. ಅವಳು ತೆಗೆಯಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

2009ರ ನವೆಂಬರಿನಲ್ಲಿ ಮೌಖಿಕ ಪರೀಕ್ಷೆ. ನಾನೂ ರಜಾಕ್ ಸಾಹೇಬರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಪರೀಕ್ಷಕರು ಮದ್ರಾಸಿನ ಕಡೆಯವರು. ನೇರ ಆ ಎರಡು ಪುಟ ತೆರೆದು, ಇದನ್ನು ಯಾಕೆ ಬರೆದಿರಿ ಎಂದು ಕೇಳಿದರು. ಮಳೆ ಹೆಚ್ಚಿರುವ ಊರಿನಲ್ಲಿ ಮುಂದೆ ಇದೇ ಕೆಲಸ ಮಾಡುವವರಿಗೆ ಬೇಕಾಗಬಹುದು ಎಂದಳು ಜಹೀದಾ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಂದು ಗಂಟೆಯ ಮೇಲೆ, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದರು.

ಮರುವರ್ಷ ಅವಳಿಗೆ ತನ್ನೂರಿನ ಕಾಲೇಜಿನಲ್ಲೇ ಕೆಲಸ ಸಿಕ್ಕಿ ಕೊಪ್ಪ ಬಿಟ್ಟಳು. ಹೋಗುವ ಮುಂಚಿನ ವಾರ ನನ್ನನ್ನು ಕೇಳಿದಳು: “ಮಹಿಮಕ್ಕ, ಬೇರೆ ಅಧ್ಯಾಯಗಳಲ್ಲೂ ಇಂಥದ್ದೇ ಏನಾದ್ರೂ ಉಳಿದಿದ್ರೆ?”

“ನೋಡಿದ್ಯಲ್ಲ ಮಾರಾಯ್ತಿ, ಎಷ್ಟು ಸಲ ನೋಡಿದೀಯ.”

“ಮೂರನೇದನ್ನೂ ಅಷ್ಟೇ ಸಲ ನೋಡಿದ್ದೆ” ಎಂದಳು ಅವಳು. ಆಮೇಲೆ ಟೈಮ್‌ಟೇಬಲ್ ತೆಗೆದು, ಬಿಟ್ಟುಹೋಗುವ ಕ್ಲಾಸುಗಳಲ್ಲಿ ಯಾವ ಪಾಠ ಎಲ್ಲಿಗೆ ನಿಂತಿದೆ ಎಂದು ಶ್ರೀನಿಧಿಗಾಗಿ ಬರೆದಿಡತೊಡಗಿದಳು.